ಗಂಗೊಳ್ಳಿಯ ಮಳಿ, ನಮ್ಮ ತೋಟದ ಸುಣ್ಣ



ಬೇಸಿಗೆ ರಜೆಯಲ್ಲಿ ನಾನು ಗಂಗೊಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ತಿಂದ ಒಂದು ಪದಾರ್ಥದ ವಿಷಯ ನಿಮಗೆ ತಿಳಿಸಬೇಕು. ಬಂಗುಡೆ, ಭೂತಾಯಿ ನಮಗೆ ಹೊಸದಲ್ಲ. ಮಳೆಗಾಲಕ್ಕೆ ಒಣಮೀನು ಕಟ್ಟಿಡುವ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. (ಬಸ್ಸಿನಲ್ಲಿ ಒಣಮೀನಿನ ಚೀಲ ಇಟ್ಟರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ, ಅದು ಬೇರೆ ಮಾತು.) ಆದರೆ ಮಳಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದರೆ ಹೊಸಂಗಡಿ, ಸಿದ್ದಾಪುರ, ಆಮೇಲೆ ಕುಂದಾಪುರ. ಗಂಗೊಳ್ಳಿ ಹೊಳೆಯ ಆಚೆ ದಡ. ಕಣ್ಣಿಗೆ ಹತ್ತಿರವೇ ಕಾಣುತ್ತದೆ, ಆದರೆ ಬಸ್ಸು ಹೆಮ್ಮಾಡಿ, ತ್ರಾಸಿ ಸುತ್ತಿಕೊಂಡು ಹೋಗಬೇಕು. ಐದು ಹೊಳೆಗಳು ಅಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಅದರಲ್ಲಿ ಒಂದು ವಾರಾಹಿ. ಆ ಹೊಳೆಗೆ ಕಟ್ಟಿದ ಮಾಣಿ ಅಣೆಕಟ್ಟು ನಮ್ಮ ತಾಲ್ಲೂಕಿನಲ್ಲೇ ಇದೆ ಅಂತ ನಿಮಗೆಲ್ಲ ಗೊತ್ತು. ಅಲ್ಲಿಯ ನೀರು ಹೊಸಂಗಡಿ ಬಳಿ ನೆಲದೊಳಗಿನ ವಿದ್ಯುದಾಗಾರದಲ್ಲಿ ಕರೆಂಟು ಮಾಡಿ ಕೆಳಗೆ ಹರಿದುಹೋಗುತ್ತದೆ. ಈ ಸಿಹಿನೀರು ಕಡಲಿನ ಉಪ್ಪುನೀರಿನ ಜೊತೆ ಬೆರೆಯುವ ಜಾಗವೇ ಅಳಿವೆ. ಮಳಿ ಬೆಳೆಯುವುದು ಅಲ್ಲಿ.

ಮಳಿ ಅಂದರೆ ಚಿಪ್ಪುಮೀನು. ಹೆಸರಲ್ಲಿ ಮೀನು ಇದ್ದರೂ ಅದು ಮೀನಲ್ಲ, ಬಸವನಹುಳುವಿನ ಹಾಗೆ ಮೃದ್ವಂಗಿ. ಎರಡು ಚಿಪ್ಪು, ಒಂದೇ ಕಾಲು. ಆ ಕಾಲಿನಿಂದ ಮರಳು ಬಗೆದು ಹೂತುಕೊಂಡು ಕೂರುತ್ತದೆ. ನೀರನ್ನು ಒಳಗೆ ಎಳೆದು, ಸೋಸಿ, ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನು ತಿಂದು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಹಾಗಾಗಿ ಹೊಳೆ ಕೊಳಕಾದರೆ ಮಳಿಯೂ ಕೊಳಕು.

ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಾರೆ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಚಿಕ್ಕಮ್ಮ ಗಡಿಯಾರ ನೋಡುವುದೇ ಇಲ್ಲ, ನೀರು ನೋಡಿ ಹೊರಡುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಲ್ಲಿ ಮರಳು ತಡಕಿ, ಕೈಯಲ್ಲಿ ಹೆಕ್ಕುವುದು. ಎರಡು ಗಂಟೆ ಕಳೆದರೆ ಬೆನ್ನು ಬಿದ್ದುಹೋಗುತ್ತದೆ. ನಾನು ಉಗುರಿನಷ್ಟು ಸಣ್ಣದನ್ನೂ ಬುಟ್ಟಿಗೆ ಹಾಕಹೊರಟಾಗ, "ಸಣ್ದ್ ಹೆಕ್ಬೇಡ ಮಗಾ, ಅದ್ ಬೆಳಿಲಿ" ಅಂದರು. ಮೊದಲಿನಷ್ಟು ಮಳಿ ಈಗ ಸಿಗುವುದಿಲ್ಲವಂತೆ. ಮರಳೇ ಅದರ ಮನೆ. ಮರಳು ತೆಗೆದರೆ ಅದು ಎಲ್ಲಿರಬೇಕು ಹೇಳಿ.

ಮನೆಗೆ ತಂದ ಮೇಲೆ ಕೆಲವು ಗಂಟೆ ನೀರಿನಲ್ಲಿ ಬಿಡಬೇಕು. ಒಳಗಿನ ಮರಳನ್ನು ಅದೇ ಉಗುಳುತ್ತದೆ. ಆಮೇಲೆ ಚಿಪ್ಪು ಬಿಡಿಸಿ, ಮಾಂಸ ಇರುವ ಅರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಒಣಮೆಣಸು, ಕೊತ್ತಂಬರಿ, ಜೀರಿಗೆ ಹುರಿದು, ಹುಣಸೆಹುಳಿ ಸೇರಿಸಿ ಅರೆದ ಮಸಾಲೆ, ಮೇಲೆ ತೆಂಗಿನತುರಿ. ಸಾರು ಬತ್ತುವವರೆಗೆ ಬೇಯಿಸಿದರೆ ಸುಕ್ಕ. ಉಪ್ಪು ನೋಡಿಕೊಂಡು ಹಾಕಬೇಕು, ಮಳಿಯೊಳಗೇ ಕಡಲಿನ ಉಪ್ಪಿರುತ್ತದೆ. ಕುಚ್ಚಲಕ್ಕಿ ಗಂಜಿ ಜೊತೆ, ಇಲ್ಲವೆ ನೀರುದೋಸೆ ಜೊತೆ ಊಟ. ಚಿಪ್ಪನ್ನು ಬಾಯಿಗಿಟ್ಟು ಮಸಾಲೆ ಸಮೇತ ಹೀರುವುದೇ ಅದರ ಕ್ರಮ. ಚಮಚದ ಕೆಲಸವೇ ಇಲ್ಲ. ನನಗೆ ಬಂಗುಡೆಗಿಂತ ಇದೇ ರುಚಿ ಅನ್ನಿಸಿತು.

ಊಟವಾದ ಮೇಲೆ ಚಿಪ್ಪು ಎಸೆಯಲು ಹೋದೆ. ಚಿಕ್ಕಮ್ಮ ತಡೆದರು. "ಚಿಪ್ಪ್ ಬಿಸಾಡುಕಾಗ, ಸುಣ್ಣಕ್ಕೆ ಬತ್ತ್." ಹಿತ್ತಲಲ್ಲಿ ಒಂದು ರಾಶಿಯೇ ಇತ್ತು!

ಪಾಠದಲ್ಲಿ ಓದಿದ್ದೇವಲ್ಲ, ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಗೂಡಿನಲ್ಲಿ ಇದ್ದಿಲಿನ ಜೊತೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ನಮ್ಮಜ್ಜಿ ಎಲೆಗೆ ಸವರುವುದು ಇಂಥ ಸುಣ್ಣವನ್ನೇ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ತೋಟದವರು ಚಿಪ್ಪುಸುಣ್ಣವನ್ನು ಕೇಳಿ ತರುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಕ್ಕಾಗಿ ಹುಟ್ಟಿದ ಔಷಧಿ ಅದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಹೊತ್ತಿಗೆ ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ಗೊನೆಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು.

ಅಂದರೆ ನಮ್ಮ ಘಟ್ಟದ ನೀರು ಇಳಿದುಹೋಗಿ ಮಳಿಯನ್ನು ಸಾಕುತ್ತದೆ, ಮಳಿಯ ಚಿಪ್ಪು ಘಟ್ಟ ಹತ್ತಿ ಬಂದು ಅಡಿಕೆ ಗೊನೆಯ ಮೇಲೆ ಕೂರುತ್ತದೆ!

ನಾನು ತಂದ ಹನ್ನೆರಡು ಚಿಪ್ಪುಗಳನ್ನು ವಿಜ್ಞಾನದ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಒಂದರ ಮೇಲೆ ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತದೆ. ಎಲ್ಲದರ ಮೇಲೂ ಹಿಂಡಬೇಡಿ, ಏಳನೇ ತರಗತಿಯವರಿಗೂ ಬೇಕಂತೆ.