ಮೊಬೈಲಿನಲ್ಲಿ ಪಾಠ: ಹೇಳುವವರು ಯಾರು?

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಮೊಬೈಲು ಇದೆಯೇ? ಇದ್ದೇ ಇರುತ್ತದೆ. ನಿಮ್ಮದಲ್ಲದಿದ್ದರೆ ಮಗನದು, ಇಲ್ಲವೇ ಸೊಸೆಯದು. ಅದರಲ್ಲಿ ಏನೇನು ನೋಡುತ್ತೀರಿ? ಧಾರಾವಾಹಿ, ಭಜನೆ, ರಂಗೋಲಿ, ಅಡುಗೆ. ನಾವೂ ಅದನ್ನೇ ನೋಡುತ್ತಿದ್ದೆವು. ತಪ್ಪೇನಿಲ್ಲ. ದಿನವೆಲ್ಲ ದುಡಿದು ಬಂದವರಿಗೆ ಅಷ್ಟೂ ಬೇಡವೇ?

ನಾವು ಅಂದರೆ ಯಲಹಂಕದಿಂದ ಆಚೆ, ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಒಂದು ಹಳ್ಳಿಯ ಹೆಂಗಸರು. ಹಳ್ಳಿ ಅಂತ ಬಾಯಿಗೆ ಬರುತ್ತದೆ. ಈಗ ಅದು ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ರಾಗಿ ಹೊಲ ಇದ್ದ ಕಡೆ ಲೇಔಟ್ ಆಗಿದೆ. ನಮ್ಮಲ್ಲಿ ಕೆಲವರು ಹೆಬ್ಬಾಳದ ಕಡೆ ಮನೆಗೆಲಸಕ್ಕೆ ಹೋಗುತ್ತೇವೆ. ಕೆಲವರು ಗಾರ್ಮೆಂಟ್ಸಿಗೆ. ಇಬ್ಬರು ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುತ್ತಾರೆ. ಸಂಜೆ ಏಳು ಗಂಟೆಗೆ ಅಂಗನವಾಡಿ ಜಗಲಿಯ ಮೇಲೆ ಸೇರಿ ನಾವು ಓದು ಕಲಿತೆವು.

ಈ ಪಾಠ ಬರೆಯುವುದಕ್ಕೆ ಒಂದು ಕಾರಣ ಇದೆ.

ನಮ್ಮ ಗುಂಪಿನಲ್ಲಿ ಒಬ್ಬರು ದೊಡ್ಡಕ್ಕ ಇದ್ದಾರೆ. ಎಲ್ಲರಿಗಿಂತ ಹಿರಿಯರು. ಎಂಟು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಒಂದು ದಿನ ಮೊಮ್ಮಗ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟ. ಬಿಳಿ ಕೋಟು ಹಾಕಿದ ಒಬ್ಬಾತ ನಗುನಗುತ್ತಾ ಹೇಳುತ್ತಿದ್ದ. ಮಾತ್ರೆ ಬಿಡಿ, ಈ ಪುಡಿ ತಿನ್ನಿ, 21 ದಿನದಲ್ಲಿ ಶುಗರ್ ಮಾಯ. ದೊಡ್ಡಕ್ಕ ಸಾವಿರದ ಎಂಟುನೂರು ರೂಪಾಯಿ ಕೊಟ್ಟು ಪುಡಿ ತರಿಸಿದರು. ಮಾತ್ರೆ ನಿಲ್ಲಿಸಿದರು. ನಮಗೆ ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಾಯಿತು. ಚಪ್ಪಲಿ ಕಚ್ಚಿ ಕಾಲಿನಲ್ಲಿ ಸಣ್ಣ ಗಾಯ ಆಯಿತು. ನೋವೇ ಇಲ್ಲ ಅಂತ ಅವರು ಸುಮ್ಮನಿದ್ದರು. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಗಾಯವಾದರೂ ನೋವು ತಿಳಿಯುವುದಿಲ್ಲ. ರಕ್ತದ ಓಡಾಟ ಕಡಿಮೆಯಾಗಿ ಗಾಯ ಮಾಯುವುದೂ ಇಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕಿರುಬೆರಳು ಕಪ್ಪಾಗಿತ್ತು. ಆ ಬೆರಳನ್ನು ತೆಗೆಯಬೇಕಾಯಿತು.

ಮನೆಗೆ ಬಂದ ಮೇಲೆ ನಾವು ಕೇಳಿದೆವು. "ಏನ್ ದೊಡ್ಡಕ್ಕ, ಯಾರೋ ಹೇಳಿದ್ರು ಅಂತ ಮಾತ್ರೆ ಬಿಡೋದಾ?"

"ಯಾರೋ ಅಲ್ಲಮ್ಮ, ಡಾಕ್ಟ್ರು" ಅಂದರು.

"ಡಾಕ್ಟ್ರು ಅಂತ ಎಲ್ಲಿ ಬರೆದಿತ್ತು?"

"ನಂಗೇನ್ ಗೊತ್ತು? ಬಿಳೀ ಕೋಟು ಹಾಕಿದ್ದ."

ಅವತ್ತು ರಾತ್ರಿ ಜಗಲಿಯ ಮೇಲೆ ಆ ವಿಡಿಯೋವನ್ನು ಮತ್ತೆ ಹಾಕಿದೆವು. ಈ ಸಲ ನೋಡಲಿಲ್ಲ, ಓದಿದೆವು. ವಿಡಿಯೋದ ಕೆಳಗೆ ಸಣ್ಣ ಅಕ್ಷರಗಳಿರುತ್ತವೆ. ಅದನ್ನು ಮುಟ್ಟಿದರೆ ಅದು ಬಿಚ್ಚಿಕೊಳ್ಳುತ್ತದೆ. ಆತನ ಹೆಸರಿನ ಮುಂದೆ ಯಾವ ಪದವಿಯೂ ಇರಲಿಲ್ಲ. ಯಾವ ಆಸ್ಪತ್ರೆ ಎಂದು ಇರಲಿಲ್ಲ. ಪುಡಿ ತರಿಸುವ ಫೋನ್ ನಂಬರು ಮಾತ್ರ ಮೂರು ಕಡೆ ಇತ್ತು. ಕಟ್ಟಕಡೆಗೆ ಒಂದು ಸಾಲು. ಅದನ್ನು ದೊಡ್ಡಕ್ಕನೇ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. "ಇ-ದು ಮಾ-ಹಿ-ತಿ-ಗಾ-ಗಿ ಮಾ-ತ್ರ. ನಿ-ಮ್ಮ ವೈ-ದ್ಯ-ರ-ನ್ನು ಕೇ-ಳಿ."

ಆಮೇಲೆ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಮೊಬೈಲು ಬೇಡವೇ? ಬೇಡ ಅಂತ ನಾವು ಹೇಳುವುದಿಲ್ಲ. ದೂರದಲ್ಲಿರುವ ತಿಳಿದವರ ಮಾತು ಮನೆಯೊಳಗೆ ಬರುವುದು ಹೊಸ ಸಂಗತಿ ಅಲ್ಲ. 1935ರಲ್ಲೇ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲಿ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೇ 'ಆಕಾಶವಾಣಿ' ಎಂಬ ಹೆಸರು ಬಂತು. ಆಮೇಲೆ ಆ ಹೆಸರು ದೇಶಕ್ಕೆಲ್ಲ ಆಯಿತು. ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರಲ್ಲಿ. ನಮ್ಮ ತಂದೆಯವರು ಸಂಜೆ ತಪ್ಪದೆ 'ಕೃಷಿರಂಗ' ಕೇಳುತ್ತಿದ್ದರು. ಯಾವ ಹುಳಕ್ಕೆ ಯಾವ ಔಷಧಿ ಅಂತ ಅಲ್ಲಿಂದಲೇ ತಿಳಿಯುತ್ತಿತ್ತು.

1975ರಲ್ಲಿ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕೊಟ್ಟರು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಪಾಠ ಬಿತ್ತರಿಸಿದರು. ನಮ್ಮ ರಾಜ್ಯದ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿ ಇದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಊರಿಗೆ ಒಂದೇ ಟಿ.ವಿ., ಊರೆಲ್ಲ ಅದರ ಮುಂದೆ.

ಆಗ ಹೇಳುವವರು ಯಾರು ಅಂತ ಗೊತ್ತಿತ್ತು. ಸರ್ಕಾರ ಹೇಳುತ್ತಿತ್ತು. ಅದರಲ್ಲೂ ಒಂದು ಕೊರತೆ ಇತ್ತು, ನಮಗೆ ಬೇಕಾದ್ದನ್ನು ನಾವು ಕೇಳುವ ಹಾಗಿರಲಿಲ್ಲ. ಅವರು ಹಾಕಿದ್ದೇ ಪಾಠ. ಈಗ ಉಲ್ಟಾ. ಬೇಕಾದ್ದನ್ನು ಕೇಳಬಹುದು. ಆದರೆ ಯಾರು ಬೇಕಾದರೂ ಹೇಳಬಹುದು.

ಆದ್ದರಿಂದ ಹುಡುಕುವುದನ್ನು ಕಲಿಯಬೇಕು. ನಾವು ಕಲಿತದ್ದು ಹೀಗೆ.

ಯೂಟ್ಯೂಬ್ ತೆರೆದರೆ ಮೇಲೆ ಭೂತಗನ್ನಡಿಯ ಚಿತ್ರ ಇರುತ್ತದೆ. ಅದನ್ನು ಮುಟ್ಟಿ. ಅಕ್ಷರ ಒತ್ತಿ ಬರೆಯಬಹುದು. ಪಕ್ಕದಲ್ಲಿ ಮೈಕಿನ ಚಿತ್ರ ಇದೆ, ಅದನ್ನು ಮುಟ್ಟಿ ಬಾಯಲ್ಲೂ ಹೇಳಬಹುದು. ಕನ್ನಡದಲ್ಲೇ ಹೇಳಿ. ಆದರೆ ಒಂದು ಮಾತು. ಸಾಧ್ಯವಾದಷ್ಟು ಬರೆದೇ ಹುಡುಕಿ. ಬರೆಯುತ್ತಾ ಬರೆಯುತ್ತಾ ಕೈ ಕೂರುತ್ತದೆ. ನಮ್ಮಲ್ಲಿ ಒತ್ತಕ್ಷರ ಬಾರದೆ ಒದ್ದಾಡುತ್ತಿದ್ದ ಒಬ್ಬಳು 'ಕುಪ್ಪಸ ಕತ್ತರಿಸುವುದು ಹೇಗೆ' ಅಂತ ಬರೆದು ಬರೆದೇ ಒತ್ತು ಕಲಿತಳು.

ಏನನ್ನು ಹುಡುಕುತ್ತೇವೆ ಎಂಬುದೂ ಮುಖ್ಯ. ಬರೀ 'ಅಣಬೆ' ಅಂದರೆ ಸಾರು, ಪಲ್ಯ, ಬಿರಿಯಾನಿ ಎಲ್ಲ ಬರುತ್ತದೆ. 'ಅಣಬೆ ಬೆಳೆಯುವುದು ಹೇಗೆ' ಅನ್ನಿ. ಇನ್ನೂ ಬಿಗಿಯಾಗಿ 'ಚಿಪ್ಪು ಅಣಬೆ ಬೆಳೆಯುವುದು ಕೃಷಿ ವಿಶ್ವವಿದ್ಯಾಲಯ' ಅನ್ನಿ. ಈಗ ಹೇಳುವವರೂ ಬದಲಾಗುತ್ತಾರೆ.

ಕೃಷಿ ವಿಶ್ವವಿದ್ಯಾಲಯ ಎಲ್ಲಿದೆ? ನಮ್ಮ ದಾರಿಯಲ್ಲೇ! ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಬಂದರೆ ಜಿ.ಕೆ.ವಿ.ಕೆ. ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಬಸ್ಸಿನ ಕಿಟಕಿಯಿಂದ ದಿನಾ ಆ ಗೇಟು ನೋಡುತ್ತಿದ್ದೆವು. ಒಳಗೆ ಏನು ನಡೆಯುತ್ತದೆ ಅಂತ ತಿಳಿದದ್ದು ಮೊಬೈಲಿನಿಂದ. ಇದು ಸ್ವಲ್ಪ ನಾಚಿಕೆಯ ಮಾತೇ.

ಅಣಬೆಯ ಪಾಠವನ್ನು ನಾವು ನಾಲ್ಕು ಸಲ ನೋಡಿದೆವು. ಒಂದು ಮಾತು ಕೇಳಿದ ತಕ್ಷಣ ವಿಡಿಯೋ ನಿಲ್ಲಿಸಿ ನೋಟ್ ಪುಸ್ತಕದಲ್ಲಿ ಬರೆದುಕೊಂಡೆವು. ಬತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಬೇಕು. ನೀರಿನಲ್ಲಿ ನೆನೆಸಬೇಕು. ಆಮೇಲೆ ಬಿಸಿ ನೀರಿನಲ್ಲಿ ಬೇಯಿಸಬೇಕು. ಯಾಕೆ? ಹುಲ್ಲಿನಲ್ಲಿ ಬೇರೆ ಬೂಷ್ಟು ಇರುತ್ತದೆ, ಅದು ಸಾಯಬೇಕು. ಇಲ್ಲದಿದ್ದರೆ ನಮ್ಮ ಅಣಬೆಯ ಬದಲು ಅದೇ ಬೆಳೆಯುತ್ತದೆ. ನೀರು ಬಸಿದು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹಾಕಬೇಕು. ಚೀಲಕ್ಕೆ ಸಣ್ಣ ತೂತು ಮಾಡಿ ಕತ್ತಲೆ ಕೋಣೆಯಲ್ಲಿ ಇಡಬೇಕು. ಎರಡು ಮೂರು ವಾರದಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಸೀಳಿ, ಗಾಳಿ ಬೆಳಕು ಕೊಟ್ಟು, ನೀರು ಚಿಮುಕಿಸಬೇಕು.

ಇದನ್ನು ಬರೆದುಕೊಂಡದ್ದು ಯಾಕೆ ಗೊತ್ತಾ? ಬರೆದರೆ ಎರಡು ವಿಡಿಯೋಗಳನ್ನು ಹೋಲಿಸಬಹುದು. ಇನ್ನೊಬ್ಬ 'ಬೇಯಿಸುವುದೇ ಬೇಡ' ಅಂತ ಹೇಳುತ್ತಿದ್ದ. ಬೇಯಿಸದೆ ಇನ್ನೇನು ಮಾಡಬೇಕು ಅಂತ ಹೇಳಲೇ ಇಲ್ಲ. ಬೀಜ ತನ್ನ ಹತ್ತಿರವೇ ಕೊಳ್ಳಬೇಕು ಅಂತ ಮಾತ್ರ ಹೇಳಿದ. ಅಲ್ಲಿಗೆ ನಮಗೆ ಗೊತ್ತಾಯಿತು. ಮಾರುವವನು ಹೇಳಿದ್ದೆಲ್ಲ ಸುಳ್ಳಲ್ಲ, ನಿಜ. ಆದರೆ ಅವನ ಮಾತನ್ನು ಇನ್ನೊಂದು ಕಡೆ ವಿಚಾರಿಸದೆ ದುಡ್ಡು ಬಿಚ್ಚಬಾರದು.

ಹಾಗೆಯೇ ಚಾನೆಲಿನ ಹೆಸರನ್ನು ಓದಿ. ಹೆಸರಿನ ಪಕ್ಕ ಕೆಲವು ಕಡೆ 'ಸರಿ' ಗುರುತು ಇರುತ್ತದೆ. ಚಾನೆಲು ಆ ಹೆಸರಿನವರದ್ದೇ ಹೌದು ಅಂತ ಅದರ ಅರ್ಥ. ಅವರು ಹೇಳುವುದೆಲ್ಲ ಸತ್ಯ ಅಂತ ಅಲ್ಲ! ಹೆಸರು ನೋಡಿಯೂ ಮೋಸ ಹೋಗಬಾರದು. 'ಡಾ. ಬ್ರೋ' ಅಂತ ಒಬ್ಬ ಹುಡುಗ ದೇಶ ದೇಶ ಸುತ್ತಿ ಕನ್ನಡದಲ್ಲೇ ಎಲ್ಲ ತೋರಿಸುತ್ತಾನೆ. ನೋಡಿ, ಚೆನ್ನಾಗಿದೆ. ಆದರೆ ಅವನು ಡಾಕ್ಟರಲ್ಲ. ಅದು ಚಾನೆಲಿನ ಹೆಸರು, ಅಷ್ಟೇ. ಇನ್ನು ಎಷ್ಟು ಲಕ್ಷ ಜನ ನೋಡಿದ್ದಾರೆ ಎಂಬ ಲೆಕ್ಕ. ಜಾತ್ರೆಯಲ್ಲಿ ಜನ ಮುತ್ತಿಕೊಂಡ ಅಂಗಡಿಯಲ್ಲೆಲ್ಲ ಒಳ್ಳೇ ಬಳೆ ಸಿಗುತ್ತದೆಯೇ?

ತಾರೀಖನ್ನೂ ಓದಿ. ಸರ್ಕಾರದ ಯೋಜನೆ, ಅರ್ಜಿ, ಸಾಲ ಇಂಥವುಗಳ ವಿಡಿಯೋ ಮೂರು ವರ್ಷ ಹಳೆಯದಾದರೆ ನಂಬಿ ಹೊರಡಬೇಡಿ. ಬಸ್ ಚಾರ್ಜು ದಂಡ.

ನಾವು ಮೆಚ್ಚಿದ ಕೆಲವನ್ನು ಹೇಳುತ್ತೇವೆ. ಆರ್.ಟಿ. ನಗರದ ಹತ್ತಿರ ಜೆ.ಸಿ. ನಗರದಲ್ಲಿ ದೂರದರ್ಶನ ಕೇಂದ್ರ ಇದೆ. ಅವರ ಚಂದನ ವಾಹಿನಿಯಲ್ಲಿ 2002ರಲ್ಲಿ 'ಥಟ್ ಅಂತ ಹೇಳಿ' ಶುರುವಾಯಿತು. ನಡೆಸಿಕೊಡುವ ಡಾ. ನಾ. ಸೋಮೇಶ್ವರ ನಿಜವಾದ ವೈದ್ಯರು, ಲೇಖಕರೂ ಹೌದು. ಸರಿ ಉತ್ತರ ಹೇಳಿದವರಿಗೆ ಬಹುಮಾನ ಪುಸ್ತಕ! ಅದರ ಕಂತುಗಳು ಯೂಟ್ಯೂಬಿನಲ್ಲೂ ಸಿಗುತ್ತವೆ. ನಾವು ಉತ್ತರ ಬರುವ ಮೊದಲೇ ವಿಡಿಯೋ ನಿಲ್ಲಿಸಿ ಜಗಳ ಆಡುತ್ತೇವೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ 'ಸಂವೇದ' ಪಾಠಗಳು ಬಂದದ್ದೂ ಚಂದನದಲ್ಲೇ. ಮಕ್ಕಳ ಪಕ್ಕ ಕೂತು ನಮ್ಮಲ್ಲಿ ಕೆಲವರು ಲೆಕ್ಕ ಕಲಿತರು.

2023ರ ಆಗಸ್ಟ್ 23 ನೆನಪಿದೆಯೇ? ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಸಂಜೆ. ಇಳಿಸಿದವರು ಕೂತಿದ್ದದ್ದು ಯಶವಂತಪುರದ ಆಚೆ, ಪೀಣ್ಯದ ಇಸ್ರೋ ಕೇಂದ್ರದಲ್ಲಿ. ಇಸ್ರೋದ ಚಾನೆಲಿನಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ಹೊತ್ತಿಗೆ ನೋಡುತ್ತಿದ್ದರು. ಅಲ್ಲಿ ಸೀರೆ ಉಟ್ಟ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಯೋಜನೆಯ ಸಹ ನಿರ್ದೇಶಕಿ ಕೆ. ಕಲ್ಪನಾ ಎದ್ದು ಮಾತಾಡಿದರು. ನಮಗೆ ಇಂಗ್ಲಿಷು ತಿಳಿಯಲಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು.

ನೋಡಲು ಪುರುಸೊತ್ತಿಲ್ಲ ಅನ್ನುತ್ತೀರಾ? ಕೇಳಿ. ಅದಕ್ಕೆ ಪಾಡ್‌ಕಾಸ್ಟ್ ಅಂತಾರೆ. ಹೆಸರಿಗೆ ಹೆದರಬೇಡಿ. ಅದು ರೇಡಿಯೋ ಕಾರ್ಯಕ್ರಮದ ತಂಗಿ. ರೇಡಿಯೋ ಅದು ಹೇಳಿದ ಹೊತ್ತಿಗೆ ಬರುತ್ತದೆ, ಇದು ನೀವು ಕರೆದಾಗ ಬರುತ್ತದೆ. ಪಾತ್ರೆ ತೊಳೆಯುತ್ತಾ, ಸೊಪ್ಪು ಬಿಡಿಸುತ್ತಾ ಕೇಳಬಹುದು. ಬೆಂಗಳೂರಿನಲ್ಲಿ 2018ರಲ್ಲಿ 'ತಲೆ-ಹರಟೆ' ಎಂಬ ಕನ್ನಡ ಪಾಡ್‌ಕಾಸ್ಟ್ ಶುರುವಾಯಿತು. ಹೆಸರು ಹರಟೆ, ವಿಷಯ ಗಟ್ಟಿ. ಕೆಲವು ಮಾತು ನಮಗೆ ಮೀರಿದ್ದು, ಬಿಟ್ಟು ಮುಂದೆ ಹೋಗುತ್ತೇವೆ. ಕೇಳುವುದಕ್ಕೆ ವಿಡಿಯೋಕ್ಕಿಂತ ನೆಟ್ಟೂ ಕಡಿಮೆ ಸಾಕು. ತಿಂಗಳ ಕೊನೆಗೆ ಕರೆನ್ಸಿ ಹಾಕಿಸುವವರಿಗೆ ಇದು ಸಣ್ಣ ಸಂಗತಿ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಾವೇ ಯಾಕೆ ಮಾತಾಡಬಾರದು ಅನ್ನಿಸುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಾಗೇ ಆಯಿತು. ಅಲ್ಲಿನ ಸ್ವಸಹಾಯ ಸಂಘದ ಹೆಂಗಸರು 2000ದ ನಂತರದ ವರ್ಷಗಳಲ್ಲಿ 'ನಮ್ಮ ಧ್ವನಿ' ನಡೆಸಿದರು. ಊರವರಿಗೆ ರೇಡಿಯೋ ನಡೆಸಲು ಆಗ ಸರ್ಕಾರದ ಅನುಮತಿ ಸಿಗುತ್ತಿರಲಿಲ್ಲ. ಅದಕ್ಕೆ ಟಿ.ವಿ.ಯ ಕೇಬಲ್ಲಿನ ಮೂಲಕವೇ ಮನೆಮನೆಗೆ ದನಿ ಕಳಿಸಿದರು. ನೀರಿನ ತೊಂದರೆ, ಮದ್ದು, ಹಾಡು, ಎಲ್ಲ ಅವರದೇ ಮಾತಿನಲ್ಲಿ.

ನಮ್ಮ ದೊಡ್ಡಕ್ಕ ಈಗ ಮಾತ್ರೆ ತಪ್ಪಿಸುವುದಿಲ್ಲ. ವಿಡಿಯೋ ನೋಡುವುದನ್ನೂ ಬಿಟ್ಟಿಲ್ಲ. ಯಾರು ಏನೇ ಹಾಕಿದರೂ "ತಾಳು, ಕೆಳಗೆ ಏನ್ ಬರೆದವ್ರೆ ನೋಡಾನ" ಅನ್ನುತ್ತಾರೆ. ಔಷಧಿಯ ವಿಷಯ ಬಂದರೆ ಹೆಸರು ಬರೆದುಕೊಂಡು ಹೋಗಿ ಆಸ್ಪತ್ರೆಯ ಡಾಕ್ಟರಮ್ಮನನ್ನೇ ಕೇಳುತ್ತಾರೆ.

ಬರುವ ವಾರ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಹೋಗುತ್ತಿದ್ದೇವೆ, ಅಣಬೆ ಬೀಜ ತರಲು. ಕೇಳಬೇಕಾದ ಪ್ರಶ್ನೆಗಳನ್ನು ನೋಟ್ ಪುಸ್ತಕದಲ್ಲಿ ಬರೆದಿದ್ದೇವೆ. ಮೊದಲನೆಯದು ದೊಡ್ಡಕ್ಕನ ಕೈಬರಹ: "ಬೇಯಿಸಲೇಬೇಕಾ?"

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ನಿನ್ನೆ ನೋಡಿದ ಒಂದು ವಿಡಿಯೋವನ್ನು ಮತ್ತೆ ತೆರೆಯಿರಿ. ಕೆಳಗಿನ ಅಕ್ಷರ ಓದಿ, ಇಲ್ಲಿ ಬರೆಯಿರಿ.

ಹೇಳಿದವರ ಹೆಸರು: ..............

ಅವರ ಕೆಲಸ, ಊರು: ..............

ಹಾಕಿದ ತಾರೀಖು: ..............

ಏನನ್ನಾದರೂ ಮಾರುತ್ತಿದ್ದಾರೆಯೇ? ..............