ಸೀಟು ಖಚಿತವಿಲ್ಲ, ಕೋಣೆ ಬೇಕು: ಮುಂಗಡ ಹಣ ಮತ್ತು ಮಾತಿನ ಹೊಣೆ

ಸಿಇಟಿ ಫಲಿತಾಂಶದ ನಂತರದ ದಿನಗಳು ಅನೇಕ ಮನೆಗಳಲ್ಲಿ ಕಳವಳದ ದಿನಗಳು. ಮೊದಲ ಸುತ್ತಿನಲ್ಲಿ ಮಗನಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿರುತ್ತದೆ. ಆದರೆ ಅವನ ಆಸೆಯೆಲ್ಲ ಬೆಂಗಳೂರಿನ ಕಾಲೇಜಿನ ಮೇಲೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಇಂಥವರಿಗಾಗಿಯೇ ಎರಡನೆಯ ಆಯ್ಕೆಯೊಂದಿದೆ. ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೂ ಕಾಯಬಹುದು. ಅಲ್ಲಿ ಹೆಚ್ಚು ಇಷ್ಟದ ಸೀಟು ದೊರೆತರೆ ಮೊದಲಿನದು ತಾನಾಗಿ ರದ್ದಾಗುತ್ತದೆ. ಸೀಟಿಗೇನೋ ಈ ಏರ್ಪಾಡಿದೆ. ಕೋಣೆಗೆ? ಕಾಯುತ್ತಾ ಕುಳಿತರೆ ಒಳ್ಳೆಯ ಹಾಸ್ಟೆಲ್, ಪಿ.ಜಿ.ಗಳು ತುಂಬಿಹೋಗುತ್ತವೆ. ಮುಂಗಡ ಕೊಟ್ಟರೆ ಹಣ ಹೋದೀತೆಂಬ ಭಯ. ಇಂತಹ ಸಂದರ್ಭದಲ್ಲಿ ಓರ್ವ ಸತ್ಯವಿಶ್ವಾಸಿಯ ನಡವಳಿಕೆ ಹೇಗಿರಬೇಕು?

ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಇದೇ ಸ್ಥಿತಿಯಲ್ಲಿದ್ದ. ಮಂಗಳೂರಿನಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಕೊಡುವ ವೃದ್ಧ ತಾಯಿಯೊಬ್ಬರ ಮನೆಗೆ ನಾನೇ ಅವನನ್ನು ಕರೆದೊಯ್ದೆ. “ನಾಲ್ಕು ವರ್ಷ ಇಲ್ಲೇ ಇರುತ್ತಾನೆ, ಇನ್‌ಶಾ ಅಲ್ಲಾಹ್” ಎಂದು ಹೇಳಿ 5,000 ರೂಪಾಯಿ ಮುಂಗಡ ಕೊಟ್ಟೆ. ಬೆಂಗಳೂರಿನ ವಿಷಯವನ್ನು ಎತ್ತಲಿಲ್ಲ. ಎತ್ತಿದರೆ ಕೋಣೆ ಕೊಡಲಾರರೆಂಬ ಅಳುಕು. ಎರಡನೆಯ ಸುತ್ತಿನಲ್ಲಿ ಬೆಂಗಳೂರೇ ದೊರೆಯಿತು. ಹಣ ಕೇಳಲು ಹೋದಾಗ ಆಕೆ ಜಗಳವಾಡಲಿಲ್ಲ. ಒಳಗಿನಿಂದ ಪೂರ್ತಿ ಹಣ ತಂದು ಕೈಗಿತ್ತು, “ಮೊದಲೇ ಹೇಳಿದ್ದರೆ ಕೋಣೆ ಕೇಳಿ ಬಂದ ಇಬ್ಬರು ಹುಡುಗರನ್ನು ವಾಪಸು ಕಳುಹಿಸುತ್ತಿರಲಿಲ್ಲ ಮಗಾ” ಎಂದರು. ದಿನವೂ ಮಕ್ಕಳಿಗೆ ಅಮಾನತ್ತಿನ ಪಾಠ ಹೇಳುವ ನನಗೆ ತಲೆಯೆತ್ತಲಾಗಲಿಲ್ಲ.

ನಾವು ಎಲ್ಲಿ ತಪ್ಪಿದೆವು? ಉತ್ತಮ ಕಾಲೇಜನ್ನು ಬಯಸಿದ್ದು ತಪ್ಪಲ್ಲ. ಮೊದಲೇ ಕೋಣೆ ಹುಡುಕಿದ್ದೂ ತಪ್ಪಲ್ಲ. ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿರುವುದು ತಿರ್ಮಿದಿಯಲ್ಲಿ ವರದಿಯಾಗಿದೆ. ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಆದರೆ ಖಚಿತವಿಲ್ಲದ್ದನ್ನು ಖಚಿತವೆಂಬಂತೆ ಹೇಳಿದ್ದು ತಪ್ಪು. ‘ಇನ್‌ಶಾ ಅಲ್ಲಾಹ್’ ಎಂಬುದು ಅಲ್ಲಾಹನ ಇಚ್ಛೆಗೆ ತಲೆಬಾಗುವ ಮಾತು. ಸತ್ಯವನ್ನು ಮರೆಮಾಚಲು ಅದನ್ನು ಪರದೆ ಮಾಡಿಕೊಳ್ಳಬಾರದು.

ಶರತ್ತಿನ ಕರಾರು

ಖಲೀಫಾ ಉಮರ್(ರ)ರ ಕಾಲದಲ್ಲಿ ನಾಫಿಅ್ ಬಿನ್ ಅಬ್ದುಲ್ ಹಾರಿಸ್(ರ)ರು ಮಕ್ಕಾದಲ್ಲಿ ಸೆರೆಮನೆಗಾಗಿ ಸಫ್ವಾನ್ ಬಿನ್ ಉಮಯ್ಯ(ರ)ರಿಂದ ಒಂದು ಮನೆ ಖರೀದಿಸಿದರು. ಉಮರ್(ರ) ಒಪ್ಪಿದರೆ ವ್ಯಾಪಾರ ಪೂರ್ಣ, ಒಪ್ಪದಿದ್ದರೆ ಸಫ್ವಾನ್(ರ)ರಿಗೆ 400 ಎಂಬುದು ಶರತ್ತು. ಬುಖಾರಿಯಲ್ಲಿ ಇದರ ಉಲ್ಲೇಖವಿದೆ. ನೋಡಿ, ಅಂತಿಮ ನಿರ್ಧಾರ ಖರೀದಿಸಿದವರ ಕೈಯಲ್ಲಿರಲಿಲ್ಲ. ನಮ್ಮ ಮಕ್ಕಳ ಸೀಟಿನ ನಿರ್ಧಾರವೂ ನಮ್ಮ ಕೈಯಲ್ಲಿಲ್ಲ. ಆದರೆ ಅವರು ಅದನ್ನು ಮುಚ್ಚಿಡದೆ ಕರಾರಿನಲ್ಲೇ ಸೇರಿಸಿದರು.

ಕೊಂಡವನು ಹಿಂದೆ ಸರಿದರೆ ಮಾರಿದವನಲ್ಲೇ ಉಳಿಯುವ ಮುಂಗಡಕ್ಕೆ ಫಿಕ್‌ಹ್‌ನಲ್ಲಿ ‘ಉರ್ಬೂನ್’ ಎನ್ನುತ್ತಾರೆ. ಹನಫಿ, ಮಾಲಿಕಿ, ಶಾಫಿಈ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ಇದನ್ನು ಒಪ್ಪಿಲ್ಲ. ಬದಲಿಗೆ ಏನನ್ನೂ ಕೊಡದೆ ಇನ್ನೊಬ್ಬರ ಹಣ ಇಟ್ಟುಕೊಂಡಂತಾಗುತ್ತದೆಂಬುದು ಅವರ ವಾದ. ಇಮಾಮ್ ಅಹ್ಮದ್(ರಹ)ರು ಮೇಲಿನ ಘಟನೆಯನ್ನು ಆಧಾರವಾಗಿಟ್ಟುಕೊಂಡು ಅನುಮತಿಸಿದರು. 1993ರಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು, ಕಾಯುವ ಅವಧಿ ನಿಗದಿಯಾಗಿದ್ದರೆ ಇದು ಸಮ್ಮತವೆಂದೂ ಬಾಡಿಗೆಗೂ ಇದೇ ನಿಯಮವೆಂದೂ ತೀರ್ಮಾನಿಸಿತು. ನಿಮ್ಮ ಮದ್‌ಹಬ್‌ನ ವಿಧಿಯನ್ನು ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿಕೊಳ್ಳಿ. ಯಾವ ಅಭಿಪ್ರಾಯವನ್ನು ಅನುಸರಿಸಿದರೂ ಮಾತು ಸ್ಪಷ್ಟವಿರಬೇಕಾದುದು ಕಡ್ಡಾಯ.

ಹಾಗಾದರೆ ಏನು ಮಾಡಬೇಕು?

1. ಕೋಣೆಯ ಮಾಲಿಕರಿಗೆ ಇದ್ದುದನ್ನು ಇದ್ದಂತೆ ಹೇಳಿರಿ. ಮುಂದಿನ ಸುತ್ತಿನ ಫಲಿತಾಂಶಕ್ಕಾಗಿ ಕಾಯುತ್ತಿದ್ದೀರೆಂಬುದು ಅವರಿಗೆ ತಿಳಿದಿರಲಿ.

2. ಯಾವ ದಿನಾಂಕದವರೆಗೆ ಕೋಣೆ ಕಾದಿಡಬೇಕೆಂಬುದನ್ನು ನಿಗದಿಪಡಿಸಿರಿ.

3. ಬಾರದಿದ್ದರೆ ಮುಂಗಡದಲ್ಲಿ ಎಷ್ಟು ಹಿಂದಿರುಗುತ್ತದೆಂಬುದನ್ನು ರಶೀದಿಯಲ್ಲೇ ಬರೆಸಿರಿ. ಸಾಲದ ವ್ಯವಹಾರಗಳನ್ನು ಬರೆದಿಡುವಂತೆ ಪವಿತ್ರ ಕುರ್‌ಆನ್ ಅಲ್ ಬಕರ ಅಧ್ಯಾಯದ 282ನೆಯ ಸೂಕ್ತದಲ್ಲಿ ಆದೇಶಿಸಿದೆ.

4. ಇದಕ್ಕೆ ಮಾಲಿಕರು ಒಪ್ಪದಿದ್ದರೆ ತಿಂಗಳ ಲೆಕ್ಕದ ಕೋಣೆಯನ್ನೋ ಕೆಲವು ದಿನಗಳ ಮಟ್ಟಿಗೆ ಬಂಧುಗಳ ಮನೆಯನ್ನೋ ನೋಡಿರಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳ ಅರ್ಜಿಯ ದಿನಾಂಕವನ್ನೂ ವಿಚಾರಿಸಿರಿ.

5. ಸೀಟು ಬದಲಾದರೆ ಅದೇ ದಿನ ತಿಳಿಸಿರಿ. ನೀವು ತಡಮಾಡಿದ ಒಂದೊಂದು ದಿನವೂ ಆ ಕೋಣೆ ಇನ್ನೊಬ್ಬ ವಿದ್ಯಾರ್ಥಿಗೆ ಸಿಗದೆ ಹೋಗುತ್ತದೆ.

ಓದುಗರಲ್ಲಿ ಕೋಣೆ ಬಾಡಿಗೆಗೆ ಕೊಡುವವರೂ ಇರಬಹುದು. ವ್ಯವಹಾರದಿಂದ ಹಿಂದೆ ಸರಿಯಬಯಸಿದವನನ್ನು ಬಿಟ್ಟುಕೊಟ್ಟವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆ ಅಬೂದಾವೂದ್‌ನಲ್ಲಿದೆ. ಅನಿವಾರ್ಯವಾಗಿ ಹೊರಡುವ ಬಡ ವಿದ್ಯಾರ್ಥಿಯ ಮುಂಗಡವನ್ನು ಹಿಂದಿರುಗಿಸುವಾಗ ಇದು ನೆನಪಿರಲಿ.

ಆ ತಾಯಿ ಈ ಹದೀಸನ್ನು ಕೇಳಿದವರಲ್ಲ. ಆದರೂ ಅದರಂತೆ ನಡೆದರು. ಹದೀಸ್ ಓದಿದ ನಾನು ನಡೆಯಲಿಲ್ಲ. ಮರುವಾರ ಹೋಗಿ ಖಾಲಿಬಿದ್ದ ತಿಂಗಳ ಬಾಡಿಗೆ ಕೊಟ್ಟು ಕ್ಷಮೆ ಕೇಳಿದೆ. ಆದರೆ ಕೋಣೆ ಸಿಗದೆ ಹಿಂದಿರುಗಿದ ಆ ಇಬ್ಬರು ಹುಡುಗರನ್ನು ಎಲ್ಲಿ ಹುಡುಕಲಿ?

ನಮ್ಮ ಮಕ್ಕಳ ವಿದ್ಯೆಯ ಮೊದಲ ಹೆಜ್ಜೆ ಇನ್ನೊಬ್ಬರ ಹಕ್ಕಿನ ಮೇಲೆ ಬೀಳದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.