ಕೌಂಟರಿನ ಮುಂದೆ ನಿಲ್ಲಬೇಡ, ಸುಹಾಸ

ತೀರ್ಥಹಳ್ಳಿ

ಸುಹಾಸ,

ಫೋನಿನಲ್ಲಿ ನೀನು ಎರಡೇ ಪ್ರಶ್ನೆ ಕೇಳಿದೆ. ಆಪರೇಷನ್‌ಗೆ ಎಷ್ಟಾಗುತ್ತದೆ, ಅಮ್ಮನಿಗೆ ತುಂಬಾ ನೋವಾಗುತ್ತದೆಯೇ. ಮೊದಲನೆಯದಕ್ಕೆ ಆಸ್ಪತ್ರೆಯವರು ಉತ್ತರ ಕೊಡುತ್ತಾರೆ, ವಿಮೆಯ ಕಾರ್ಡು ಮರೆಯದೆ ತೆಗೆದುಕೊಂಡು ಹೋಗು. ಎರಡನೆಯದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಿಮ್ಮಪ್ಪ ಕೆಮ್ಮಿದ್ದು ಕೇಳಿಸಿತು. ನಮ್ಮ ಮನೆಯ ಗಂಡಸರ ಎದುರು ಈ ಮಾತು ತೆಗೆದರೆ ಎಲ್ಲರಿಗೂ ಕೆಮ್ಮು ಬರುತ್ತದೆ. ಅದಕ್ಕೇ ಕಾಗದ ಬರೆಯಲು ಕೂತೆ.

ನೋವು ಇರುತ್ತದೆ. ಆದರೆ ನೀನು ಹೆದರಿರುವಷ್ಟಲ್ಲ. ನನಗೆ ಸಿಸೇರಿಯನ್ನೂ ಆಗಿದೆ, ಸ್ತನ ಕ್ಯಾನ್ಸರಿನ ಈ ಆಪರೇಷನ್ನೂ ಆಗಿದೆ. ಎರಡನ್ನೂ ತೂಗಿ ನೋಡಿ ಹೇಳುತ್ತೇನೆ, ಹೊಟ್ಟೆ ಕೊಯ್ದದ್ದೇ ಹೆಚ್ಚು ಕಷ್ಟ. ಎಚ್ಚರವಾದಾಗ ಗಂಟಲು ಕೆರೆಯುತ್ತಿತ್ತು, ಉಸಿರಾಟಕ್ಕೆಂದು ಹಾಕಿದ್ದ ಕೊಳವೆಯಿಂದ. ವಿಪರೀತ ಬಾಯಾರಿಕೆ, ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದಂತೆ ಒಂದು ಹಿಡಿತ. ನಿಜವಾದ ನೋವು ಕಂಕುಳಲ್ಲಿ. ಅಲ್ಲಿಂದ ಗ್ರಂಥಿಗಳನ್ನು ತೆಗೆಯುತ್ತಾರೆ. ಆಗ ಒಂದು ನರಕ್ಕೆ ಪೆಟ್ಟಾಗಿ ತೋಳಿನ ಒಳಭಾಗ ಜೋಮು ಹಿಡಿಯುತ್ತದೆ. ಹತ್ತು ವರ್ಷದ ಮೇಲಾಯಿತು, ನನಗೆ ಅಲ್ಲಿ ಇವತ್ತಿಗೂ ಸ್ಪರ್ಶ ಅಷ್ಟಕ್ಕಷ್ಟೆ.

ನಿಮ್ಮಮ್ಮ ಅಳುವುದಾದರೆ ಚಾಕುವಿಗೆ ಅಳುವುದಿಲ್ಲ. ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಬಂದು ಬಳೆ, ಮೂಗುಬೊಟ್ಟು, ಕಾಲುಂಗುರ, ಮಾಂಗಲ್ಯ ಎಲ್ಲ ಬಿಚ್ಚಿಕೊಡಿ ಅನ್ನುತ್ತಾಳಲ್ಲ, ಆಗ ಅಳುತ್ತಾಳೆ. ಆ ಮಾಂಗಲ್ಯವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿಗೆ ತುರುಕಬೇಡ. ನಿಮ್ಮಪ್ಪನ ಕೈಗೆ ಕೊಡಿಸು. ವಾಪಸು ಹಾಕುವುದೂ ಅವನ ಕೆಲಸವೇ ಆಗಲಿ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ತಾನೇ, ಹಾಸಿಗೆ ಹಿಡಿದಿದ್ದಾಗ ಫ್ಯಾನಿ ಬರ್ನಿಯ ಕಾಗದ ಹುಡುಕಿ ಓದಿದೆ. ಅವಳು ಇಂಗ್ಲೆಂಡಿನ ಕಾದಂಬರಿಗಾರ್ತಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನ ತನ್ನ ಮನೆಯಲ್ಲೇ ಅವಳಿಗೆ ಈ ಶಸ್ತ್ರಚಿಕಿತ್ಸೆ ಆಯಿತು. ಮಾಡಿದವನು ನೆಪೋಲಿಯನ್ನನ ಸೇನೆಯ ವೈದ್ಯ ಲಾರೆ. ಅಲ್ಲಿ ಅರಿವಳಿಕೆ ಅನ್ನುವುದೇ ಇನ್ನೂ ಇರಲಿಲ್ಲ, ಈಥರ್ ಬಂದದ್ದು 1846ರಲ್ಲಿ. ಕೊಟ್ಟದ್ದು ಒಂದಿಷ್ಟು ಮದ್ಯ, ಮುಖದ ಮೇಲೆ ಹಾಸಿದ್ದು ಒಂದು ತೆಳು ಕರವಸ್ತ್ರ. ಅದರ ಮೂಲಕ ಅವಳಿಗೆ ಉಕ್ಕಿನ ಹೊಳಪು ಕಾಣುತ್ತಿತ್ತಂತೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಅದನ್ನು ಅಕ್ಕನಿಗೆ ಬರೆದು ಮುಗಿಸಲು ಅವಳಿಗೆ ತಿಂಗಳುಗಟ್ಟಲೆ ಹಿಡಿಯಿತು. ಆಮೇಲೆ ಅವಳು 1840ರವರೆಗೆ, ಎಂಬತ್ತೇಳರ ವಯಸ್ಸಿನವರೆಗೂ ಬದುಕಿದಳು. ಓದುವಾಗ ನನ್ನ ಮನಸ್ಸು ನಿಂತದ್ದು ಇನ್ನೊಂದು ಸಂಗತಿಯ ಮೇಲೆ. ಗಂಡ ನೋಡಿ ಸಂಕಟಪಡಬಾರದೆಂದು ಅವಳು ಉಪಾಯ ಮಾಡಿ ಆ ದಿನ ಅವನನ್ನು ಮನೆಯಿಂದ ಹೊರಗೇ ಇರಿಸಿದ್ದಳು.

ನಮ್ಮ ಗಂಡಸರನ್ನು ಯಾರೂ ಹೊರಗೆ ಇರಿಸಬೇಕಾಗಿಲ್ಲ, ತಾವೇ ಹೋಗುತ್ತಾರೆ. ಬಿಲ್ಲು ಕಟ್ಟುತ್ತಾರೆ, ಔಷಧದ ಅಂಗಡಿಗೆ ನಾಲ್ಕು ಸಲ ಓಡುತ್ತಾರೆ, ರಕ್ತ ಕೊಡುವವರನ್ನು ಗುಡ್ಡೆ ಹಾಕುತ್ತಾರೆ, ಕಾರು ನಿಲ್ಲಿಸಲು ಜಾಗ ಹುಡುಕುತ್ತಾರೆ. ಇದೆಲ್ಲ ಬೇಕಾದದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಡಾಕ್ಟರು ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಒಂದು ಫೋನು ಬಂದಿರುತ್ತದೆ. ನಿನ್ನ ಮಾವ ಬಲು ಒಳ್ಳೆಯ ಮನುಷ್ಯ, ಆ ದಿನ ಅವರು ಕಿಟಕಿಯ ಹತ್ತಿರ ನಿಂತು ಎದುರಿನ ಕಟ್ಟಡದ ಮಹಡಿ ಎಣಿಸುತ್ತಿದ್ದರು. ನನ್ನ ಗಾಯವನ್ನು ನನಗಿಂತ ಮೊದಲು ನೋಡಿದವಳು ಕೇರಳದ ಒಬ್ಬ ನರ್ಸ್ ಹುಡುಗಿ. "ಚೆನ್ನಾಗಿ ಕೂಡಿದೆ ಅಮ್ಮ, ನೀವೂ ನೋಡಿ" ಅಂದಳು. ನೋಡಿದೆ. ಒಂದು ಗೆರೆ ಇತ್ತು, ಅಷ್ಟೆ. ಹತ್ತಿರದವರ ಮುಖ ನೋಡಿಯೇ ಹೆಂಗಸು ತನ್ನ ಮೈ ಹೇಗಾಗಿದೆ ಎಂದು ತೀರ್ಮಾನಿಸುತ್ತಾಳೆ ಕಣೋ. ನಿಮ್ಮಪ್ಪನನ್ನು ಒಳಗೆ ಕೂರಿಸು. ಕೌಂಟರಿಗೆ ನಿನ್ನ ಸ್ನೇಹಿತರು ಯಾರಾದರೂ ಹೋಗಲಿ.

ಪೂರ್ತಿ ತೆಗೆಯಬೇಕೋ, ಗಡ್ಡೆ ಮಾತ್ರ ತೆಗೆಯಬೇಕೋ ಎಂಬ ಪ್ರಶ್ನೆಯೂ ಇದೆಯಲ್ಲ, ಅದನ್ನು ನನ್ನನ್ನು ಕೇಳಬೇಡ, ನೀನೂ ತೀರ್ಮಾನಿಸಬೇಡ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಸರ್ಜನ್ ಎದೆಯ ಮಾಂಸಖಂಡವನ್ನೂ ಸೇರಿಸಿ ತೆಗೆಯುವ ಕ್ರಮ ತಂದ. ಹೆಚ್ಚು ಕೊಯ್ದಷ್ಟೂ ಕ್ಷೇಮ ಎಂದು ಲೋಕ ಬಹುಕಾಲ ನಂಬಿತು. ಬರ್ನಾರ್ಡ್ ಫಿಶರ್ ಎಂಬ ಇನ್ನೊಬ್ಬ ಸರ್ಜನ್ ಅದನ್ನು ಪರೀಕ್ಷೆಗೆ ಒಡ್ಡಿ, ಇಪ್ಪತ್ತು ವರ್ಷದ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಗಡ್ಡೆ ಮಾತ್ರ ತೆಗೆಸಿ ರೇಡಿಯೇಷನ್ ಪಡೆದವರಿಗೂ, ಪೂರ್ತಿ ತೆಗೆಸಿಕೊಂಡವರಿಗೂ ಬದುಕಿ ಉಳಿದ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಎಲ್ಲರಿಗೂ ಇದು ಹೊಂದುವುದಿಲ್ಲ. ನನಗೆ ಗಡ್ಡೆ ಎರಡು ಕಡೆ ಇದ್ದುದರಿಂದ ಪೂರ್ತಿ ತೆಗೆದರು. ಅತ್ತಿಗೆಗೆ ಆಯ್ಕೆ ಇದೆ ಎಂದು ಡಾಕ್ಟರು ಹೇಳಿದ್ದಾರೆ ಅಂದಮೇಲೆ ಆಯ್ಕೆ ಅವಳದು. "ಈ ವಯಸ್ಸಿನಲ್ಲಿ ಯಾಕೆ ಬೇಕು, ತೆಗೆಸಿಬಿಡಿ" ಎಂದು ವರಾಂಡದಲ್ಲಿ ನಿಂತು ಹೇಳುವ ನೆಂಟರು ಖಂಡಿತ ಸಿಗುತ್ತಾರೆ. ಅವರಿಗೆ ಕಾಫಿ ಕೊಡಿಸಿ ಕಳಿಸು.

ಸೂಜಿ ಚುಚ್ಚಿ ಬಯಾಪ್ಸಿ ಮಾಡಿಸಿದ್ದರಿಂದಲೇ ರೋಗ ಹರಡಿತು ಅನ್ನುವವರೂ ಇದ್ದಾರೆ. ಅದು ಸುಳ್ಳು.

ಸರ್ಜನ್ ಹತ್ತಿರ ಒಂದು ವಿಷಯ ಕೇಳು. ಮುಂಬಯಿಯ ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಹೆಂಗಸರ ಮೇಲೆ ಪರೀಕ್ಷೆ ನಡೆಸಿ 2023ರಲ್ಲಿ ಫಲಿತಾಂಶ ಕೊಟ್ಟರು. ಕೊಯ್ಯುವ ಸ್ವಲ್ಪ ಮುಂಚೆ ಗಡ್ಡೆಯ ಸುತ್ತ ಜೋಮು ಹಿಡಿಸುವ ಮಾಮೂಲಿ ಇಂಜೆಕ್ಷನ್ ಕೊಟ್ಟರೆ ಐದು ವರ್ಷದ ನಂತರ ಬದುಕಿರುವವರ ಪ್ರಮಾಣ ಶೇ. 86.4ರಿಂದ 90.1ಕ್ಕೆ ಏರುತ್ತದೆ. ಔಷಧಿಯೂ ಅಗ್ಗದ್ದು. ಅತ್ತಿಗೆಗೆ ಆಗುತ್ತದೆಯೇ ಇಲ್ಲವೇ ಎಂದು ಅವರೇ ಹೇಳಲಿ. ಪ್ರಶ್ನೆ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆಂದು ಸುಮ್ಮನೆ ಕೂರಬೇಡ.

ಗ್ರಂಥಿ ಗುರುತಿಸಲು ನೀಲಿ ಬಣ್ಣ ಹಾಕಿದರೆ ಮರುದಿನ ಮೂತ್ರ ಹಸಿರೋ ನೀಲಿಯೋ ಬರುತ್ತದೆ, ಗಾಬರಿಯಾಗಬೇಡಿ. ಮನೆಗೆ ಬರುವಾಗ ಕಂಕುಳ ಕೆಳಗಿನಿಂದ ಸಣ್ಣ ಕೊಳವೆ ಇಳಿಬಿದ್ದಿರುತ್ತದೆ, ತುದಿಗೆ ಪ್ಲಾಸ್ಟಿಕ್ ಡಬ್ಬಿ. ಡ್ರೈನ್ ಅನ್ನುತ್ತಾರೆ. ದಿನಾ ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಬಂತೆಂದು ಬರೆದಿಡಬೇಕು. ಆ ಕೆಲಸ ನೀನು ಮಾಡು. ಮೊದಲು ಕೆಂಪಗೆ ಬರುವುದು ಬರಬರುತ್ತಾ ತಿಳಿಹಳದಿಯಾಗುತ್ತದೆ, ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಡಬ್ಬಿ ತೂಗಿಸಿಕೊಳ್ಳಲು ಹಳೇ ಸೀರೆಯ ಚೀಲ ಎರಡು ಹೊಲಿದಿಟ್ಟಿದ್ದೇನೆ. ಮುಂದೆ ಗುಂಡಿ ಇರುವ ನೈಟಿ ತಂದಿಡು, ತಲೆಯ ಮೇಲಿಂದ ಹಾಕಿಕೊಳ್ಳಲು ಕೈ ಎತ್ತಲಾಗುವುದಿಲ್ಲ. ಹಾಗೆಂದು ಕೈ ಕಟ್ಟಿ ಕೂರಿಸಲೂಬೇಡ. ಡಾಕ್ಟರು ಒಪ್ಪಿದ ದಿನದಿಂದ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಮೇಲೆ ಮೇಲೆ ಹತ್ತಿಸುವ ವ್ಯಾಯಾಮ ಮಾಡಬೇಕು. ನಮ್ಮ ಪಡಸಾಲೆಯ ಗೋಡೆಯಲ್ಲಿ ಪೆನ್ಸಿಲ್ ಗೆರೆ ಇವೆಯಲ್ಲ, ನೀನು ಯಾವುದೋ ಮಗುವಿನ ಎತ್ತರ ಅಂದುಕೊಂಡಿದ್ದೆ, ಅವು ನನ್ನವು.

ಬ್ಲೌಸಿನ ಚಿಂತೆ ನಿಮ್ಮಮ್ಮ ಮಾಡಿಯೇ ಮಾಡುತ್ತಾಳೆ, ಹೇಳಿಕೊಳ್ಳುವುದಿಲ್ಲ. ನಮ್ಮೂರಿನ ಟೈಲರ್ ಹೆಂಗಸು ಅಳತೆ ಟೇಪು ಹಿಡಿದವಳು ಒಂದು ಕ್ಷಣ ನಿಂತು, ಏನೂ ಕೇಳದೆ ಒಳಗಡೆ ಒಂದು ಹತ್ತಿಯ ಜೇಬು ಹೊಲಿದುಕೊಟ್ಟಳು. ಕೂಲಿ ಮಾತ್ರ ಇಪ್ಪತ್ತು ರೂಪಾಯಿ ಜಾಸ್ತಿ ತೆಗೆದುಕೊಂಡಳು!

ಆಪರೇಷನ್‌ಗಿಂತ ಕಷ್ಟವಾದದ್ದು ಆಮೇಲಿನ ಪೆಥಾಲಜಿ ರಿಪೋರ್ಟಿಗೆ ಕಾಯುವುದು. ಅಂಚುಗಳು ಸ್ವಚ್ಛವಾಗಿವೆಯೇ, ಗ್ರಂಥಿಗೆ ಹಬ್ಬಿದೆಯೇ, ಹಾರ್ಮೋನು ಮಾತ್ರೆ ಹಿಡಿಯುವ ಜಾತಿಯೇ, ಕೀಮೋ ಬೇಕೇ, ಎಲ್ಲ ಅದರಲ್ಲಿ ತಿಳಿಯುತ್ತದೆ. ಆ ದಿನಗಳಲ್ಲಿ ನಿಮ್ಮಮ್ಮ ಸಣ್ಣದಕ್ಕೂ ರೇಗಿದರೆ ಎದುರಾಡಬೇಡ. ಧೈರ್ಯದ ಮಾತೂ ಹೇಳಬೇಡ, ಕೇಳಿ ಕೇಳಿ ನಮಗೆ ಸಾಕಾಗಿರುತ್ತದೆ. ಪಕ್ಕದಲ್ಲಿ ಕೂತು ಕ್ರಿಕೆಟ್ ನೋಡು.

ಇನ್ನೊಂದು ಮಾತು. ತಂದೆಯ ಕಡೆ ನಾನು, ತಾಯಿಯ ಕಡೆ ನಿಮ್ಮಮ್ಮ. ವಂಶವಾಹಿಯಿಂದ ಬರುವ ಸ್ತನ ಕ್ಯಾನ್ಸರ್ ಸುಮಾರು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ಆದರೂ ನಮ್ಮಿಬ್ಬರ ವಿಷಯವನ್ನೂ ಡಾಕ್ಟರಿಗೆ ಹೇಳಿ, ಪರೀಕ್ಷೆ ಬೇಕೇ ಎಂದು ಕೇಳು. ನಿನ್ನ ತಂಗಿಗಾಗಿ ಮಾತ್ರವೆಂದು ತಿಳಿಯಬೇಡ. ಆ ದೋಷ ಗಂಡುಮಕ್ಕಳ ಮೂಲಕವೂ ಮುಂದಕ್ಕೆ ಹೋಗುತ್ತದೆ, ಅಪರೂಪಕ್ಕೆ ಗಂಡಸರಿಗೂ ಈ ರೋಗ ಬರುತ್ತದೆ.

ಬುಧವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ನೀನು ಓದಿ ಮುಗಿಸಿದ ಮೇಲೆ ಈ ಕಾಗದವನ್ನು ನಿಮ್ಮಪ್ಪನಿಗೆ ಕೊಡು. ಓದಿದನೋ ಇಲ್ಲವೋ ಎಂದು ಬಂದು ನಾನೇ ಕೇಳುತ್ತೇನೆ.

ನಿನ್ನ ಪ್ರೀತಿಯ
ಅತ್ತೆ